ಹಿಮನದಿಯ ಮುಂದೆ ನಿಂತವರು

(ಸುಂದರ ಮತ್ತು ಭವ್ಯ ಎಂಬ ಎರಡು ಪರಿಕಲ್ಪನೆಗಳ ಬಗ್ಗೆ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1644ರಲ್ಲಿ ಆಲ್ಪ್ಸ್ ಪರ್ವತಗಳ ನಡುವಿನ ಶಾಮೊನಿ ಕಣಿವೆಯಲ್ಲಿ ಬಿಷಪ್ ಒಬ್ಬರು ಸುಮಾರು 300 ಜನರನ್ನು ಕಟ್ಟಿಕೊಂಡು ಮೆರವಣಿಗೆ ಹೊರಟರು. ಅವರು ಹೋಗಿ ನಿಂತದ್ದು ಒಂದು ಹಿಮನದಿಯ ಎದುರು. ಆ ಕಾಲಕ್ಕೆ ಯುರೋಪಿನಲ್ಲಿ ಚಳಿ ಜೋರಾಗಿತ್ತು. ಬೆಟ್ಟದ ಮೇಲಿನ ಹಿಮದ ರಾಶಿ ನಿಧಾನವಾಗಿ ಕಣಿವೆಗೆ ಇಳಿದು ಬರುತ್ತಾ ಹೊಲಗದ್ದೆಗಳನ್ನೂ ಕೆಲವು ಪುಟ್ಟ ಹಳ್ಳಿಗಳನ್ನೂ ನುಂಗಿತ್ತು. ಬಿಷಪ್ಪರು ಅದರ ಮುಂದೆ ನಿಂತು ಪ್ರಾರ್ಥನೆ ಹೇಳಿದರು, ಅದು ಹಿಂದೆ ಸರಿಯಲಿ ಎಂದು ವಿಧಿಪೂರ್ವಕವಾಗಿ ಹರಸಿದರು. ದೆವ್ವ ಬಿಡಿಸಿದ ಹಾಗೆಯೇ. ಆ ಸೀಮೆಯ ಜನ ಅಲ್ಲಿನ ಹಿಮದ ಬೆಟ್ಟಗಳನ್ನು ಶಾಪ ತಟ್ಟಿದ ಬೆಟ್ಟಗಳು ಎನ್ನುತ್ತಿದ್ದರು. ಒಂದು ಶಿಖರಕ್ಕಂತೂ ಇವತ್ತಿಗೂ ಅದೇ ಹೆಸರು.

ನೂರು ವರ್ಷ ಕಳೆಯಿತು. 1741ರಲ್ಲಿ ಅದೇ ಹಿಮನದಿಯನ್ನು ನೋಡಲೆಂದೇ ಜಿನೀವಾದಿಂದ ಇಂಗ್ಲಿಷರ ಒಂದು ತಂಡ ಬಂತು. ವಿಲಿಯಂ ವಿಂಡಮ್, ರಿಚರ್ಡ್ ಪೊಕಾಕ್ ಅದರಲ್ಲಿ ಮುಖ್ಯರು. ದಾರಿ ತೋರಿಸಲು ಊರವರನ್ನು ಜೊತೆಗಿಟ್ಟುಕೊಂಡು ಮೇಲೇರಿ, ಹಿಮದ ಮೇಲೆ ಕಾಲಿಟ್ಟು, ವೈನ್ ತೆರೆದು, ತಮ್ಮ ದೇಶದ ನೌಕಾಪಡೆಯ ಹೆಸರಿನಲ್ಲಿ ಕುಡಿದರು. ಆಮೇಲೆ ವಿಂಡಮ್ ಜಿನೀವಾದ ಗೆಳೆಯನಿಗೆ ಬರೆದ ವಿವರಣೆಯ ತಾತ್ಪರ್ಯ ಇಷ್ಟು: ನಿಮ್ಮ ಸರೋವರ ಗಾಳಿಗೆ ಎದ್ದು ಹೊಯ್ದಾಡುತ್ತಿರುವಾಗ ಒಮ್ಮೆಗೇ ಹೆಪ್ಪುಗಟ್ಟಿಬಿಟ್ಟಿತು ಎಂದುಕೊಳ್ಳಿ, ಹಾಗಿದೆ ಇದು. ಮುಂದೆ ಆ ಹಿಮನದಿಗೆ 'ಮೆರ್ ದ ಗ್ಲಾಸ್', ಅಂದರೆ ಹಿಮದ ಕಡಲು, ಎಂಬ ಹೆಸರೇ ನಿಂತಿತು.

ಹಿಮ ಅದೇ ಹಿಮ. ಮೊದಲು ಬಂದವರು ಅದನ್ನು ಓಡಿಸಲು ಬಂದರು, ಆಮೇಲೆ ಬಂದವರು ಅದನ್ನು ನೋಡಲು ದುಡ್ಡು ಖರ್ಚು ಮಾಡಿಕೊಂಡು ಬಂದರು. ನಡುವೆ ನೋಡುವವರಲ್ಲಿ ಏನೋ ಬದಲಾಯಿತು. ಆ ಬದಲಾವಣೆಗೆ ಹದಿನೆಂಟನೆಯ ಶತಮಾನದ ಯುರೋಪು ಒಂದು ತತ್ತ್ವವನ್ನೇ ಕಟ್ಟಿತು. ಸುಂದರ ಬೇರೆ, ಭವ್ಯ ಬೇರೆ ಎನ್ನುವ ವಿಂಗಡಣೆ ಗಟ್ಟಿಯಾದದ್ದು ಆಗಲೇ. ಇವತ್ತು ಆ ವಿಂಗಡಣೆಯನ್ನು ಈ ಒಂದೇ ಹಿಮನದಿಯ ಪಕ್ಕ ನಿಂತು ನೋಡೋಣ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ವಸ್ತುಗಳ ನಡುವಿನ ವ್ಯತ್ಯಾಸ ಅಲ್ಲ. ನೋಡುವವನಿಗೂ ನೋಟಕ್ಕೂ ನಡುವೆ ಯಾರ ಕೈ ಮೇಲಾಗಿದೆ ಎನ್ನುವುದರ ಲೆಕ್ಕ.

ಭವ್ಯದ ಚರ್ಚೆ ಇದಕ್ಕಿಂತ ಬಹಳ ಹಳೆಯದು, ನಿಜ. ಲಾಂಜೈನಸ್ ಎಂಬ ಹೆಸರಿನಲ್ಲಿ ನಮಗೆ ಬಂದಿರುವ ಗ್ರೀಕ್ ಗ್ರಂಥವೊಂದಿದೆ. ಆದರೆ ಅದು ಮುಖ್ಯವಾಗಿ ಮಾತಿನ ಔನ್ನತ್ಯದ ಬಗ್ಗೆ, ಕಾವ್ಯ ಮತ್ತು ಭಾಷಣ ಕೇಳುಗನನ್ನು ಹೇಗೆ ಎತ್ತಿ ಒಯ್ಯುತ್ತವೆ ಎನ್ನುವುದರ ಬಗ್ಗೆ. 1674ರಲ್ಲಿ ಬ್ವಾಲೊ ಎಂಬ ಫ್ರೆಂಚ್ ಕವಿ ಅದನ್ನು ಫ್ರೆಂಚಿಗೆ ತಂದ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತಾಯಿತು. ಬೆಟ್ಟಕ್ಕೂ ಭವ್ಯಕ್ಕೂ ಗಂಟು ಬಿದ್ದದ್ದು ಅದಾದ ಮೇಲೆ. 1688ರಲ್ಲಿ ಜಾನ್ ಡೆನ್ನಿಸ್ ಎಂಬ ಇಂಗ್ಲಿಷ್ ವಿಮರ್ಶಕ ಆಲ್ಪ್ಸ್ ದಾಟುವಾಗ ಪ್ರಪಾತದ ಅಂಚಿನಲ್ಲೇ ನಡೆದುಹೋಗಬೇಕಾಯಿತು. ತನಗೆ ಆದದ್ದು ಹಿತವಾದ ಭೀತಿ, ಭಯಂಕರವಾದ ಸಂತೋಷ ಎಂದು ಅವನು ಬರೆದ. ಅದುವರೆಗೆ ಓದುಬಲ್ಲವರ ನಡುವೆ ಪರ್ವತಗಳಿಗೆ ಅಂಥ ಮರ್ಯಾದೆ ಇರಲಿಲ್ಲ. ಥಾಮಸ್ ಬರ್ನೆಟ್ ಎಂಬ ಪಾದ್ರಿ ಅದೇ ದಶಕದಲ್ಲಿ, ಭೂಮಿ ಮೊದಲು ಮೊಟ್ಟೆಯಂತೆ ನುಣುಪಾಗಿತ್ತು, ಮಹಾಪ್ರಳಯದಲ್ಲಿ ಒಡೆದು ಉಳಿದ ಚೂರುಗಳೇ ಬೆಟ್ಟಗಳು ಎಂದು ವಾದಿಸಿದ್ದ. ವಿಚಿತ್ರ ಅಂದರೆ, ಆ ಹಾಳುಬಿದ್ದ ಚೂರುಗಳನ್ನು ವರ್ಣಿಸುವಾಗ ಅವನೇ ಮೈಮರೆತಿದ್ದಾನೆ.

ಈಗ ಎಡ್ಮಂಡ್ ಬರ್ಕ್. ನಮಗೆ ಈತ ವಾರನ್ ಹೇಸ್ಟಿಂಗ್ಸ್ ಮೇಲೆ ಬ್ರಿಟಿಷ್ ಸಂಸತ್ತಿನಲ್ಲಿ ಮಹಾಭಿಯೋಗ ನಡೆಸಿದವನಾಗಿ ಪರಿಚಿತ. ಅದಕ್ಕೆ ಎಷ್ಟೋ ವರ್ಷ ಮೊದಲು, 1757ರಲ್ಲಿ, ಇನ್ನೂ ಮೂವತ್ತು ದಾಟದ ವಯಸ್ಸಿನಲ್ಲಿ, ಸುಂದರ ಮತ್ತು ಭವ್ಯ ಎಂಬ ಭಾವನೆಗಳ ಮೂಲ ಎಲ್ಲಿದೆ ಎಂದು ಕೇಳುವ ಒಂದು ಪುಸ್ತಕವನ್ನು ಹೆಸರು ಹಾಕದೆ ಪ್ರಕಟಿಸಿದ. ಈ ವಿಷಯ ಅವನಿಗೆ ಪುಸ್ತಕದಿಂದ ಹತ್ತಿದ್ದಲ್ಲ ಎಂದು ನನ್ನ ಅಂದಾಜು. ಡಬ್ಲಿನ್ನಿನಲ್ಲಿ ಓದುತ್ತಿದ್ದ ಹದಿಹರೆಯದಲ್ಲಿ, 1746ರ ಜನವರಿಯಲ್ಲಿ, ಲಿಫಿ ನದಿ ಉಕ್ಕಿ ಅವನ ಮನೆಯನ್ನೇ ನೀರು ಸುತ್ತುವರಿಯಿತು. ಆಗ ಗೆಳೆಯನಿಗೆ ಬರೆದ ಕಾಗದದಲ್ಲಿ ಹುಡುಗ, ಪ್ರಕೃತಿಯನ್ನು ಇಂಥ ದೊಡ್ಡ, ಭಯಂಕರ ರೂಪದಲ್ಲಿ ನೋಡುವುದು ತನಗೆ ಸಂತೋಷ ಕೊಡುತ್ತದೆ ಎನ್ನುತ್ತಾನೆ. ಕೆಳಗಿನ ಅಂತಸ್ತಿನಲ್ಲಿ ನೀರು, ಮೇಲೆ ಕಾಗದ ಬರೆಯುತ್ತಿರುವ ಹುಡುಗ. ಭವ್ಯದ ಸಿದ್ಧಾಂತ ಪೂರ್ತಿ ಆ ಮೇಲಂತಸ್ತಿನಲ್ಲಿದೆ.

ಬರ್ಕ್ ಮೊದಲು ಸೌಂದರ್ಯದ ಹಳೆಯ ವ್ಯಾಖ್ಯೆಯನ್ನು ಕಿತ್ತುಹಾಕುತ್ತಾನೆ. ಸೌಂದರ್ಯ ಅಂದರೆ ಅಂಗಾಂಗಗಳ ಪ್ರಮಾಣಬದ್ಧತೆ ಎಂದು ಶತಮಾನಗಳಿಂದ ಹೇಳಿಕೊಂಡು ಬಂದಿದ್ದರು. ಹಾಗಾದರೆ ಹಂಸವನ್ನು ನೋಡಿ, ಎನ್ನುತ್ತಾನೆ. ಕತ್ತು ಉಳಿದ ಮೈಗಿಂತ ಉದ್ದ, ಬಾಲ ಮೋಟು. ಅದು ಸುಂದರ. ನವಿಲಿಗೋ ಕತ್ತು ಗಿಡ್ಡ, ಬಾಲ ಮಿಕ್ಕೆಲ್ಲ ಸೇರಿದರೂ ಅದಕ್ಕಿಂತ ಉದ್ದ. ಅದೂ ಸುಂದರ. ಹಾಗಿದ್ದರೆ ಪ್ರಮಾಣ ಯಾವುದು? ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಅವನ ಪ್ರಕಾರ ಸುಂದರವಾದದ್ದು ಚಿಕ್ಕದು, ನುಣುಪಾದದ್ದು, ಮೆಲ್ಲನೆ ಬಾಗುವಂಥದ್ದು, ತಿಳಿಬಣ್ಣದ್ದು, ನಾಜೂಕಿನದು. ಅದು ನಮ್ಮ ನರಗಳನ್ನು ಸಡಿಲಿಸುತ್ತದೆ, ನಮ್ಮಲ್ಲಿ ಅಕ್ಕರೆ ಹುಟ್ಟಿಸುತ್ತದೆ.

ಭವ್ಯ ಇದಕ್ಕೆ ಎದುರು. ಅದರ ಬೇರು ಭಯ. ವಿಸ್ತಾರ, ಕತ್ತಲೆ, ನಿಶ್ಶಬ್ದ, ಏಕಾಂತ, ಕೊನೆ ಕಾಣದ ಸಾಲು, ಥಟ್ಟನೆ ಎದ್ದ ಶಬ್ದ, ಇವೆಲ್ಲ ಅವನ ಪಟ್ಟಿಯಲ್ಲಿವೆ. ಅಸ್ಪಷ್ಟತೆಯ ಬಗ್ಗೆ ಅವನ ಒಳನೋಟ ಈಗಲೂ ಹೊಸದಾಗಿದೆ. ಅಪಾಯ ಎಷ್ಟಿದೆ ಎಂದು ಪೂರ್ತಿ ಗೊತ್ತಾದರೆ, ಕಣ್ಣು ಅದಕ್ಕೆ ಹೊಂದಿಕೊಂಡರೆ, ಹೆದರಿಕೆ ಬಹಳಷ್ಟು ಇಳಿದುಹೋಗುತ್ತದೆ. ಆದ್ದರಿಂದ ಚಿತ್ರಕ್ಕಿಂತ ಕಾವ್ಯಕ್ಕೆ ಭವ್ಯ ಸುಲಭ, ಏಕೆಂದರೆ ಮಾತು ಪೂರ್ತಿ ತೋರಿಸುವುದಿಲ್ಲ. ಬರ್ಕ್ ಕೊಡುವ ಉದಾಹರಣೆ ಮಿಲ್ಟನ್ ವರ್ಣಿಸಿದ ಮೃತ್ಯುವಿನ ಆಕಾರ. ಆಕಾರ ಎನ್ನಲೂ ಆಗದ, ನೆರಳು ಎನ್ನಲೂ ಆಗದ ಏನೋ ಒಂದು, ತಲೆಯಂತೆ ಕಂಡದ್ದರ ಮೇಲೆ ಕಿರೀಟದಂಥದ್ದೇನೋ.

ಬರ್ಕ್‌ನ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎತ್ತು ಮತ್ತು ಗೂಳಿಯ ಮಾತು. ಎತ್ತಿಗೂ ಬಲ ಉಂಟು, ಅಗಾಧ ಬಲ. ಆದರೆ ಅದು ಸಾಧು, ನಮ್ಮ ಕೆಲಸಕ್ಕೆ ಬರುತ್ತದೆ, ಅಪಾಯವಿಲ್ಲ. ಎತ್ತನ್ನು ಯಾರೂ ಭವ್ಯ ಎನ್ನುವುದಿಲ್ಲ. ಗೂಳಿಯ ಬಲ ಬೇರೆ ಥರದ್ದು. ಅದು ನಮ್ಮ ಕೈಗೆ ಸಿಗುವುದಿಲ್ಲ, ತಿರುಗಿಬಿದ್ದರೆ ಹಾಳುಮಾಡುತ್ತದೆ. ಹಾಗಾಗಿ ವರ್ಣನೆಗಳಲ್ಲಿ ಗೂಳಿಗೆ ಆ ಗತ್ತು ಬರುತ್ತದೆ. ಕುದುರೆಯ ವಿಷಯದಲ್ಲೂ ಹೀಗೇ ಹೇಳುತ್ತಾನೆ: ನೊಗಕ್ಕೆ, ಗಾಡಿಗೆ ಕಟ್ಟಿದ ಕುದುರೆ ಉಪಯೋಗದ ಪ್ರಾಣಿ, ಬೈಬಲ್ಲಿನ ಯೋಬನ ಗ್ರಂಥದಲ್ಲಿ ಕೊರಳಿಗೆ ಗುಡುಗನ್ನೇ ಹೊದ್ದು ಬರುವ ಕುದುರೆ ಭವ್ಯ. ಗಮನಿಸಿ, ಪ್ರಾಣಿ ಬದಲಾಗಲಿಲ್ಲ. ಪಳಗಿಸಿದ್ದೇವೆಯೋ ಇಲ್ಲವೋ ಎನ್ನುವುದಷ್ಟೇ ಬದಲಾಯಿತು. ಬಲವೊಂದು ನಮಗೆ ದುಡಿಯತೊಡಗಿದ ಕೂಡಲೇ ಭವ್ಯ ಅಲ್ಲಿಂದ ಜಾಗ ಖಾಲಿ ಮಾಡುತ್ತದೆ.

ಆದರೆ ಹೆದರಿಕೆಯಲ್ಲಿ ಸುಖ ಎಲ್ಲಿಂದ ಬಂತು? ಬರ್ಕ್‌ನ ಉತ್ತರ ಶುದ್ಧ ಶಾರೀರಿಕ. ದುಡಿಯದ ಮೈಗೆ ಜಡ್ಡು ಹಿಡಿಯುತ್ತದೆ, ಮೈಗೆ ವ್ಯಾಯಾಮ ಬೇಕಾದಂತೆ ಸೂಕ್ಷ್ಮ ನರಗಳಿಗೂ ಬೇಕು, ಆ ಕಸರತ್ತೇ ಭಯ. ಅಪಾಯ ತೀರಾ ಹತ್ತಿರ ಬಂದರೆ ಬರೀ ನೋವು. ಒಂದಿಷ್ಟು ದೂರವಿದ್ದರೆ ಅದೇ ಒಂದು ಬಗೆಯ ಹಿತ. ಶರೀರಶಾಸ್ತ್ರದ ಕಣ್ಣಿನಿಂದ ಇವತ್ತು ಇದು ಬಾಲಿಶ ಅನ್ನಿಸಬಹುದು. ಆದರೂ ಮನುಷ್ಯರ ಬಗ್ಗೆ ಬರ್ಕ್‌ಗೆ ಭ್ರಮೆ ಕಡಿಮೆ. ಅವನದೇ ಒಂದು ದೃಶ್ಯ ಇದೆ. ಒಳ್ಳೆಯ ನಟರನ್ನು ಕೂಡಿಸಿ, ಎಷ್ಟು ಬೇಕಾದರೂ ಖರ್ಚು ಮಾಡಿ, ಸಂಗೀತ, ರಂಗಸಜ್ಜಿಕೆ ಎಲ್ಲವನ್ನೂ ಹೊಂದಿಸಿ ಅತ್ಯುತ್ತಮ ದುರಂತ ನಾಟಕ ಆಡಿಸಿ. ಪ್ರೇಕ್ಷಕರು ಕಾದು ಕೂತ ಹೊತ್ತಿಗೆ, ಪಕ್ಕದ ಚೌಕದಲ್ಲಿ ದೊಡ್ಡ ಮನೆತನದ ರಾಜದ್ರೋಹಿಯೊಬ್ಬನ ತಲೆ ತೆಗೆಯುತ್ತಾರಂತೆ ಎಂದು ಯಾರಾದರೂ ಹೇಳಲಿ. ನಿಮಿಷದಲ್ಲಿ ಥಿಯೇಟರ್ ಖಾಲಿ. ರಸ್ತೆಯ ಅಪಘಾತದ ಸುತ್ತ ಮೊಬೈಲ್ ಎತ್ತಿ ಹಿಡಿದು ನಿಂತ ಜನರನ್ನು ನೋಡಿದ ನಮಗೆ ಇದು ಉತ್ಪ್ರೇಕ್ಷೆ ಅನ್ನಿಸಲಿಕ್ಕಿಲ್ಲ.

ಇಲ್ಲಿಂದ ಕಾಂಟ್ ಹತ್ತಿರ ಹೋಗೋಣ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್, 1724ರಿಂದ 1804, ಕೋನಿಗ್ಸ್‌ಬರ್ಗ್ ಎಂಬ ಊರಿನವನು. ಈಗ ಅದು ರಷ್ಯಾದ ಕಲಿನಿನ್‌ಗ್ರಾದ್. ಆ ಸೀಮೆ ಬಿಟ್ಟು ದೂರ ಹೋದವನಲ್ಲ. ಆಲ್ಪ್ಸ್ ನೋಡಿಲ್ಲ, ಪಿರಮಿಡ್ ನೋಡಿಲ್ಲ, ರೋಮಿನ ಸಂತ ಪೀಟರನ ಚರ್ಚು ನೋಡಿಲ್ಲ. ಮೂರರ ಬಗ್ಗೆಯೂ ಬರೆದ. (ಕವಿ ಕೋಲ್‌ರಿಜ್ ಕೂಡ ಶಾಮೊನಿ ಕಣಿವೆಯ ಸೂರ್ಯೋದಯದ ಮೇಲೆ ದೊಡ್ಡ ಸ್ತೋತ್ರವನ್ನೇ ಬರೆದ, ಅಲ್ಲಿಗೆ ಕಾಲಿಡದೆ. ಬೆಟ್ಟ ಹತ್ತದವರಿಗೇ ಬೆಟ್ಟದ ಬಗ್ಗೆ ಮಾತು ಹೆಚ್ಚು ಹರಿಯುತ್ತದೋ ಏನೋ.)

1790ರಲ್ಲಿ ಬಂದ ಕಾಂಟ್‌ನ ಮೂರನೆಯ ವಿಮರ್ಶಾ ಗ್ರಂಥದಲ್ಲಿ ಸುಂದರದ ವಿವರಣೆ ಮೊದಲು ಬರುತ್ತದೆ. ಒಂದು ಕಾಡುಹೂವನ್ನು ನೋಡುತ್ತೀರಿ. ಅದರಿಂದ ನಿಮಗೆ ಏನೂ ಆಗಬೇಕಿಲ್ಲ. ಕೊಳ್ಳುವುದಿಲ್ಲ, ತಿನ್ನುವುದಿಲ್ಲ, ಅದರ ಸಸ್ಯಶಾಸ್ತ್ರೀಯ ಹೆಸರೂ ಬೇಡ. ಆದರೂ ಅದರ ರೂಪ ನಿಮ್ಮ ಮನಸ್ಸಿಗೆ ಒಗ್ಗುತ್ತದೆ. ಕಲ್ಪನಾಶಕ್ತಿ ಅದನ್ನು ಎತ್ತಿಕೊಂಡು ಆಡುತ್ತದೆ, ಬುದ್ಧಿ ಅದಕ್ಕೆ ತಾಳ ಹಾಕುತ್ತದೆ, ಯಾವ ತೀರ್ಮಾನಕ್ಕೂ ಬರುವ ಅವಸರ ಎರಡಕ್ಕೂ ಇಲ್ಲ. ಈ ಜಗತ್ತು ನಮ್ಮ ತಿಳಿವಳಿಕೆಗೆ ಹೊಂದುವಂತೆಯೇ ರಚನೆಯಾಗಿದೆಯೇನೋ ಎಂಬ ಭಾವ ಬರುತ್ತದೆ. ಉದ್ದೇಶ ಯಾವುದೂ ಕಾಣದೆ ಉದ್ದೇಶಬದ್ಧವಾಗಿದೆ ಅನ್ನಿಸುವ ರೂಪ. ಸುಂದರದ ಮುಂದೆ ನಾವು ತಂಗುತ್ತೇವೆ, ಇನ್ನೊಂದು ಗಳಿಗೆ ಇರೋಣ ಅನ್ನಿಸುತ್ತದೆ.

ಭವ್ಯದಲ್ಲಿ ಆಗುವುದು ಒಗ್ಗುವಿಕೆ ಅಲ್ಲ, ಸೋಲು. ಕಾಂಟ್ ಇದನ್ನು ಎರಡಾಗಿ ಒಡೆಯುತ್ತಾನೆ. ಮೊದಲನೆಯದು ಗಾತ್ರದ ಭವ್ಯ. ಈಜಿಪ್ಟಿನಲ್ಲಿ ಓಡಾಡಿದ್ದ ಸವಾರಿ ಎಂಬ ಫ್ರೆಂಚ್ ಪ್ರವಾಸಿಯ ಮಾತನ್ನು ಹಿಡಿದು ಹೇಳುತ್ತಾನೆ: ಪಿರಮಿಡ್ಡಿಗೆ ತೀರಾ ದೂರವೂ ನಿಲ್ಲಬಾರದು, ತೀರಾ ಹತ್ತಿರವೂ ನಿಲ್ಲಬಾರದು. ದೂರ ನಿಂತರೆ ಕಲ್ಲುಗಳು ಕಾಣುವುದೇ ಇಲ್ಲ. ಹತ್ತಿರ ನಿಂತರೆ ಬುಡದಿಂದ ತುದಿಗೆ ಕಣ್ಣು ಹೋಗಿ ಮುಟ್ಟುವಷ್ಟರಲ್ಲಿ ಬುಡದಲ್ಲಿ ಕಂಡದ್ದು ಮನಸ್ಸಿನಿಂದ ಜಾರಿಹೋಗಿರುತ್ತದೆ. ರೈಲ್ವೆ ಗೇಟಿನಲ್ಲಿ ನಿಂತು ಗೂಡ್ಸ್ ಗಾಡಿ ನೋಡಿದ್ದೀರಲ್ಲ. ಡಬ್ಬಿಗಳನ್ನು ಎಣಿಸುತ್ತಾ ಹೋಗಬಹುದು, ಎಣಿಕೆಗೆ ಕೊನೆಯಿಲ್ಲ, ನಲವತ್ತಾದರೂ ಐವತ್ತಾದರೂ ಎಣಿಸಬಹುದು. ಆದರೆ ಅಷ್ಟನ್ನೂ ಒಂದೇ ನೋಟದಲ್ಲಿ ಹಿಡಿಯಿರಿ ಅಂದರೆ ಆಗುವುದಿಲ್ಲ. ಎಣಿಸುವ ಶಕ್ತಿಗೆ ಮಿತಿ ಇಲ್ಲ, ಒಟ್ಟಾಗಿ ಹಿಡಿಯುವ ಶಕ್ತಿಗೆ ಮಿತಿ ಇದೆ. ಆ ಮಿತಿ ತಗುಲಿದಾಗ ಕಲ್ಪನಾಶಕ್ತಿ ಕೈಚೆಲ್ಲುತ್ತದೆ.

ಕಾಂಟ್ ಬರ್ಕ್‌ನನ್ನು ದಾಟುವುದು ಇಲ್ಲೇ. ಕಲ್ಪನೆ ಸೋತಿತು, ಸರಿ. ಆದರೆ ಸೋತಿತು ಎಂದು ನಿಮಗೆ ಹೇಗೆ ಗೊತ್ತಾಯಿತು? 'ಪೂರ್ತಿ' ಎನ್ನುವುದೊಂದಿದೆ, ಅದನ್ನು ಹಿಡಿಯಬೇಕಿತ್ತು ಎಂದು ಒಳಗಿನಿಂದ ಯಾರೋ ತಗಾದೆ ಮಾಡದಿದ್ದರೆ ಸೋಲಿನ ಪ್ರಶ್ನೆಯೇ ಏಳುತ್ತಿರಲಿಲ್ಲ. ಅನಂತವನ್ನು ಇಂದ್ರಿಯಗಳು ತೋರಿಸಲಾರವು, ಆದರೆ ಅದನ್ನು ಯೋಚಿಸಬಲ್ಲ ವಿಚಾರಶಕ್ತಿ ನಮ್ಮಲ್ಲಿದೆ. ಕಣ್ಣಿಗಾದ ಅವಮಾನದಲ್ಲೇ ಆ ಶಕ್ತಿಯ ಅರಿವಾಗುತ್ತದೆ. ಹಾಗಾಗಿ ಭವ್ಯದ ಸುಖ ನೇರವಾಗಿ ಬರುವುದಿಲ್ಲ, ಒಂದು ನೋವಿನ ಮೂಲಕ ಸುತ್ತಿ ಬರುತ್ತದೆ. ಮನಸ್ಸು ಒಮ್ಮೆ ಹಿಂಜರಿಯುತ್ತದೆ, ಒಮ್ಮೆ ಸೆಳೆತಕ್ಕೆ ಸಿಗುತ್ತದೆ, ಅಲುಗಾಡುತ್ತಲೇ ಇರುತ್ತದೆ. ಆದ್ದರಿಂದಲೇ ಕಾಂಟ್, ಭವ್ಯ ಇರುವುದು ಬೆಟ್ಟದಲ್ಲಲ್ಲ, ನೋಡುವವನ ಮನಸ್ಸಿನಲ್ಲಿ ಎನ್ನುತ್ತಾನೆ. ಬಿರುಗಾಳಿಗೆ ಸಿಕ್ಕಿ ಮೇಲೆದ್ದ ಕಡಲನ್ನು ಭವ್ಯ ಎನ್ನಲಾಗದು, ಅದರ ನೋಟ ಘೋರ ಅಷ್ಟೇ ಎಂದು ಖಡಾಖಂಡಿತವಾಗಿ ಬರೆಯುತ್ತಾನೆ.

ಎರಡನೆಯದು ಬಲದ ಭವ್ಯ. ಮೇಲೆ ಬೀಳುವಂತೆ ಚಾಚಿದ ಬಂಡೆ, ಮಿಂಚು ಗುಡುಗಿನ ಮೋಡ, ಜ್ವಾಲಾಮುಖಿ, ಚಂಡಮಾರುತ, ದೊಡ್ಡ ನದಿಯೊಂದರ ಎತ್ತರದ ಜಲಪಾತ, ಹೀಗೆ ಕಾಂಟ್ ಸಾಲಾಗಿ ಹೆಸರಿಸುತ್ತಾನೆ. ಇವುಗಳ ಎದುರು ನಮ್ಮ ದೇಹದ ಬಲ ಏನೂ ಅಲ್ಲ. ಆದರೂ ನಮ್ಮ ಆಸ್ತಿ, ಆರೋಗ್ಯ, ಜೀವ ಎಲ್ಲವನ್ನೂ ಇವು ಕಿತ್ತುಕೊಳ್ಳಬಹುದಾದರೂ, ನಮ್ಮನ್ನು ಮನುಷ್ಯರಾಗಿ ಮಣಿಸಲಾರವು ಎಂಬ ಅರಿವು ಹುಟ್ಟುತ್ತದೆ. ಇಷ್ಟು ದೊಡ್ಡ ಮಾತಿನ ನಡುವೆ ಒಂದು ಸಣ್ಣ ಷರತ್ತು ಸದ್ದಿಲ್ಲದೆ ಕೂತಿದೆ: ನಾವು ನಿಂತ ಜಾಗ ಸುರಕ್ಷಿತವಾಗಿದ್ದರೆ ಮಾತ್ರ. ಹೆದರಿದವನು ಭವ್ಯದ ಬಗ್ಗೆ ತೀರ್ಪು ಕೊಡಲಾರ, ಹಸಿದವನು ರುಚಿಯ ಬಗ್ಗೆ ಹೇಳಲಾರದ ಹಾಗೆ ಎನ್ನುವುದು ಅವನ ವಾದ.

ಈ ಷರತ್ತನ್ನು ಅವನ ವ್ಯಾಖ್ಯಾನಕಾರರು ಒಂದು ಸಾಲಿನಲ್ಲಿ ಮುಗಿಸಿಬಿಡುವುದೇ ಹೆಚ್ಚು. ನನಗೆ ಇಡೀ ವಿಷಯ ಇಲ್ಲೇ ತೆರೆದುಕೊಳ್ಳುತ್ತದೆ. ಸುರಕ್ಷಿತ ಜಾಗ ಯಾರಿಗೆ ಇದೆ?

ಇದೇ ಗ್ರಂಥದಲ್ಲಿ ಮುಂದೆ ಒಬ್ಬ ರೈತ ಬರುತ್ತಾನೆ. ಹೆಸರಿಲ್ಲ. ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬ ಜಿನೀವಾದ ವಿಜ್ಞಾನಿಯ ಪ್ರವಾಸ ಗ್ರಂಥವನ್ನು ಕಾಂಟ್ ಓದಿದ್ದ. (ಭಾಷಾವಿಜ್ಞಾನಿ ಸೊಸ್ಯೂರ್ ಈತನ ಮರಿಮಗ.) ಶಾಮೊನಿಯ ಮೇಲಿನ ಮಾಂಟ್ ಬ್ಲಾಂಕ್ ಶಿಖರ ಹತ್ತುವ ದಾರಿ ಹುಡುಕಿದವರಿಗೆ ಬಹುಮಾನ ಕೊಡುತ್ತೇನೆ ಎಂದು ಈ ಸೊಸ್ಯೂರ್ 1760ರಲ್ಲೇ ಸಾರಿದ್ದ. 1786ರ ಆಗಸ್ಟ್ 8ರಂದು ಶಾಮೊನಿಯ ವೈದ್ಯ ಪಕ್ಕಾರ್, ಸ್ಫಟಿಕ ಹುಡುಕಿ ಮಾರುತ್ತಿದ್ದ ಬಾಲ್ಮಾ, ಇಬ್ಬರೂ ತುದಿ ಮುಟ್ಟಿದರು. ಮರುವರ್ಷ ಸೊಸ್ಯೂರ್ ಸ್ವತಃ ಒಬ್ಬ ಸೇವಕ, 18 ಮಂದಿ ಮಾರ್ಗದರ್ಶಿಗಳ ಜೊತೆ ಹತ್ತಿ, ಮೇಲೆ ವಾಯುಭಾರ ಅಳೆದ. ಆ ಗ್ರಂಥದ ಆಧಾರದ ಮೇಲೆ ಕಾಂಟ್ ಹೇಳುತ್ತಾನೆ: ಶಾಮೊನಿ ಇರುವ ಸವಾಯ್ ಪ್ರಾಂತ್ಯದ ರೈತ, ಒಳ್ಳೆಯವನೇ, ಬುದ್ಧಿವಂತನೇ, ಹಿಮದ ಬೆಟ್ಟಗಳ ಮೋಹಕ್ಕೆ ಬಿದ್ದವರನ್ನೆಲ್ಲ ಹಿಂದೆಮುಂದೆ ನೋಡದೆ ಮೂರ್ಖರು ಎಂದ. ಸಂಸ್ಕಾರವಿಲ್ಲದವನಿಗೆ ಭವ್ಯ ಬರೀ ಭಯಂಕರವಾಗಿ ಕಾಣುತ್ತದೆ ಎಂಬುದಕ್ಕೆ ಕಾಂಟ್ ಕೊಡುವ ಸಾಕ್ಷಿ ಇದು. ಆದರೂ ಅವನಿಗೆ ಒಂದು ಅಳುಕು ಇದ್ದಂತಿದೆ. ಸೊಸ್ಯೂರ್ ಬರೀ ಶೋಕಿಗೆ ಅಥವಾ ಆಮೇಲೆ ರೋಚಕವಾಗಿ ವರ್ಣಿಸುವುದಕ್ಕೆ ಹತ್ತಿದ್ದರೆ ರೈತನ ಮಾತು ಅಷ್ಟೇನೂ ತಪ್ಪಾಗುತ್ತಿರಲಿಲ್ಲವೇನೋ, ಆದರೆ ಆತ ಹತ್ತಿದ್ದು ಜನರ ತಿಳಿವಳಿಕೆಗಾಗಿ ಎಂದು ಸೇರಿಸುತ್ತಾನೆ.

ನಾನು ರೈತನ ಪರ. ಸಂಸ್ಕಾರ ಇಲ್ಲದ್ದರಿಂದ ಅವನಿಗೆ ಭವ್ಯ ಕಾಣಲಿಲ್ಲ ಎನ್ನುವುದು ಅರ್ಧ ಮಾತು. ಹಿಮದ ಬಿರುಕಿಗೆ ಬಿದ್ದ ಹಸು ಅವನದು, ಹಿಮಕುಸಿತಕ್ಕೆ ಸಿಕ್ಕಬಹುದಾದ ಮನೆ ಅವನದು. ಅವನ ಹಿರಿಯರೇ ಬಿಷಪ್ಪರ ಹಿಂದೆ ನಡೆದವರು. ಕಾಂಟ್ ಕೇಳುವ ಆ ಸುರಕ್ಷಿತ ಅಂಚು ಆ ಕಣಿವೆಯಲ್ಲಿ ಹೊರಗಿನಿಂದ ಬಂದವರಿಗೆ ಮಾತ್ರ ಇತ್ತು, ಅದನ್ನು ಕಟ್ಟಿಕೊಟ್ಟವರೂ ಸ್ಥಳೀಯರೇ: ಹಗ್ಗ ಹಿಡಿದವರು, ಹೊರೆ ಹೊತ್ತವರು, ಬಿರುಕು ಎಲ್ಲಿದೆ ಎಂದು ಕೋಲಿನಿಂದ ಕುಟ್ಟಿ ನೋಡಿದವರು. 1821ರಲ್ಲಿ ಶಾಮೊನಿಯ ಮಾರ್ಗದರ್ಶಿಗಳು ತಮ್ಮದೇ ಸಂಘ ಕಟ್ಟಿಕೊಂಡರು, ಅದು ಈಗಲೂ ಇದೆ. ಹಿಮದ ಮೋಹಿಗಳನ್ನು ಮೂರ್ಖರೆಂದವನ ಊರಿನವರು ಆ ಮೂರ್ಖತನಕ್ಕೆ ದರ ನಿಗದಿ ಮಾಡಿದರು ಎಂದರೂ ಸರಿಯೇ.

ಸುರಕ್ಷಿತ ಅಂಚಿನ ಪ್ರಶ್ನೆಯನ್ನು ಇನ್ನೊಂದು ದಿಕ್ಕಿನಿಂದ ಎತ್ತಿದವಳು ಹೆಂಗಸರ ಹಕ್ಕುಗಳ ಪರ ಬರೆದ ಇಂಗ್ಲಿಷ್ ಲೇಖಕಿ ಮೇರಿ ವುಲ್ಸ್‌ಟನ್‌ಕ್ರಾಫ್ಟ್. ಕಾಂಟ್‌ನ ಗ್ರಂಥ ಬಂದ 1790ರಲ್ಲೇ ಆಕೆ ಬರ್ಕ್‌ಗೆ ಉತ್ತರ ಬರೆದಳು. ಮುಖ್ಯ ಜಗಳ ಫ್ರೆಂಚ್ ಕ್ರಾಂತಿಯದು. ನಡುವೆ ಅವನ ಹಳೆಯ ಸೌಂದರ್ಯದ ಪುಸ್ತಕವನ್ನೂ ಎಳೆದು ತಂದಳು. ಚಿಕ್ಕತನ ಮತ್ತು ದುರ್ಬಲತೆಯೇ ಸೌಂದರ್ಯದ ಸಾರ ಎಂದು ಹೆಂಗಸರನ್ನು ನಂಬಿಸಿದವರು ನೀವು ಎಂದು ನೇರವಾಗಿ ಬೊಟ್ಟು ಮಾಡಿದಳು. ಆರೋಪ ಸುಳ್ಳಲ್ಲ. ಸುಂದರದ ಉದಾಹರಣೆಗೆ ಬರ್ಕ್ ಹೆಣ್ಣಿನ ಕತ್ತು, ಎದೆಯ ನುಣುಪು, ಬೇಕೆಂದೇ ತೊದಲುವ, ತಡವರಿಸಿ ನಡೆಯುವ ಹೆಂಗಸರ ಬಿನ್ನಾಣಕ್ಕೆ ಹೋಗುತ್ತಾನೆ. ಭವ್ಯಕ್ಕೆ ರಾಜರು, ದೇವರು, ತಂದೆ. ಕಾಂಟ್ ಕೂಡ 1764ರ ತನ್ನ ಚಿಕ್ಕ ಪುಸ್ತಕದಲ್ಲಿ ಹೆಣ್ಣಿಗೆ ಸುಂದರ, ಗಂಡಿಗೆ ಭವ್ಯ ಎಂದು ಪಾಲು ಹಂಚಿದ್ದ. ಅದರ ಕೊನೆಯ ಭಾಗದಲ್ಲಿ ಆಫ್ರಿಕಾದವರ ಬಗ್ಗೆ ಬರೆದಿರುವುದಂತೂ ಓದಲು ನಾಚಿಕೆಯಾಗುವಂಥದ್ದು. ಎರಡು ಪರಿಕಲ್ಪನೆಗಳು ಎಂದೂ ಸಮಬಲದವಾಗಿರಲಿಲ್ಲ. ನಾವು ಯಾರ ಮೇಲೆ ಅಕ್ಕರೆ ತೋರಬಲ್ಲೆವೋ ಅವರು ಸುಂದರ, ಯಾರಿಗೆ ತಲೆಬಾಗಬೇಕೋ ಅವರು ಭವ್ಯ.

ವುಲ್ಸ್‌ಟನ್‌ಕ್ರಾಫ್ಟ್ ಮಗಳನ್ನು ಹೆತ್ತು ಕೆಲವೇ ದಿನಗಳಲ್ಲಿ, 1797ರಲ್ಲಿ, ತೀರಿಕೊಂಡಳು. ಮುಂದೆ ಮೇರಿ ಶೆಲ್ಲಿ ಎಂದು ಹೆಸರಾದ ಆ ಮಗಳು 1816ರ ಜುಲೈನಲ್ಲಿ ಇದೇ ಶಾಮೊನಿಗೆ ಬಂದಳು, ಇದೇ ಹಿಮದ ಕಡಲಿನ ಮೇಲೆ ನಿಂತಳು. ಹದಿನೆಂಟು ವರ್ಷ, ಜೊತೆಯಲ್ಲಿ ಕವಿ ಶೆಲ್ಲಿ. ಎರಡು ವರ್ಷದ ಮೇಲೆ ಬಂದ ಆಕೆಯ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯಲ್ಲಿ, ತಾನು ಸೃಷ್ಟಿಸಿದ ಜೀವದಿಂದ ಮನೆಯವರನ್ನು ಕಳೆದುಕೊಂಡ ವಿಕ್ಟರ್ ಸಮಾಧಾನಕ್ಕಾಗಿ ಈ ಹಿಮನದಿಗೆ ಬರುತ್ತಾನೆ. ನೋಟ ಅವನ ಮನಸ್ಸನ್ನು ಎತ್ತುತ್ತದೆ, ಪಾಠದಲ್ಲಿ ಬರೆದ ಹಾಗೆಯೇ. ಅಷ್ಟರಲ್ಲಿ ದೂರದಿಂದ ಒಂದು ಆಕೃತಿ ಹಿಮದ ಬಿರುಕುಗಳನ್ನು ಮನುಷ್ಯರಿಗೆ ಸಾಧ್ಯವಾಗದ ವೇಗದಲ್ಲಿ ಜಿಗಿದು ಬರುತ್ತದೆ. ಅವನ ಕೈಯಾರೆ ಹುಟ್ಟಿದ್ದು ಅದು, ಮತ್ತು ಮಾತನಾಡುತ್ತದೆ. ಅಹವಾಲು ಇದೆ, ಬೇಡಿಕೆ ಇದೆ. ಭವ್ಯವನ್ನು ಅಂಚಿನಲ್ಲಿ ನಿಂತು ನೋಡುತ್ತಿದ್ದವನ ಅಂಚನ್ನೇ ಲೇಖಕಿ ಇಲ್ಲವಾಗಿಸಿದಳು. ಕಾಂಟ್ ಮೇಲೆ ಬಂದ ಎಷ್ಟೋ ಟೀಕೆಗಳಿಗಿಂತ ಈ ಅಧ್ಯಾಯ ನನಗೆ ಮೊನಚಾಗಿ ಕಾಣುತ್ತದೆ.

ನಮ್ಮ ರಸಸಿದ್ಧಾಂತದಲ್ಲಿ ಇದಕ್ಕೆ ಜಾಗ ಎಲ್ಲಿ ಎಂದು ಆಗಲೇ ಚೀಟಿ ಬಂದಿದೆ. ಚಿಕ್ಕದಾಗಿ ಹೇಳುತ್ತೇನೆ. ಭರತನಲ್ಲಿ ಭಯದಿಂದ ಭಯಾನಕ, ವಿಸ್ಮಯದಿಂದ ಅದ್ಭುತ, ಇವು ಬೇರೆಬೇರೆ ರಸಗಳು. ಯುರೋಪಿನ ಭವ್ಯದಲ್ಲಿ ಇವೆರಡೂ ಹೆಣೆದುಕೊಂಡಿವೆ. ವಿಶ್ವರೂಪ ಕಂಡ ಅರ್ಜುನ, ಹಿಂದೆಂದೂ ಕಾಣದ್ದನ್ನು ಕಂಡು ಹರ್ಷವಾಗಿದೆ, ಭಯದಿಂದ ಮನಸ್ಸು ತಲ್ಲಣಿಸಿದೆ, ಮೊದಲಿನ ರೂಪವನ್ನೇ ತೋರಿಸು ಎಂದು ಬೇಡುವ ಶ್ಲೋಕದಲ್ಲಿ ಎರಡೂ ಒಟ್ಟಿಗೆ ಇವೆ. ಆದರೆ ಅರ್ಜುನನಿಗೆ ನಿಲ್ಲಲು ಅಂಚಿಲ್ಲ, ಅವನು ಆ ಬಾಯಿಯ ಎದುರಿಗೇ ಇದ್ದಾನೆ. ಇನ್ನು ಸುರಕ್ಷತೆಯ ಪ್ರಶ್ನೆಯನ್ನು ನಮ್ಮವರು ಬಿಡಿಸಿದ್ದು ಬೇರೆ ರೀತಿಯಲ್ಲಿ. ಭರತನಿಗೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಭಯಾನಕವನ್ನು ವಿವರಿಸಲು ಶಾಕುಂತಲದ ಜಿಂಕೆಯನ್ನು ತೆಗೆದುಕೊಳ್ಳುತ್ತಾನೆ. ಬೆನ್ನಟ್ಟಿದ ರಥದತ್ತ ಕತ್ತು ಹೊರಳಿಸಿ ನೋಡುತ್ತಾ, ಅರ್ಧ ಅಗಿದ ಹುಲ್ಲನ್ನು ದಾರಿಯುದ್ದಕ್ಕೂ ಉದುರಿಸುತ್ತಾ ಓಡುವ ಜಿಂಕೆ. ಸಹೃದಯನಿಗೆ ಆಗುವ ಭಯ ಆ ಜಿಂಕೆಯದಲ್ಲ, ತನ್ನದೂ ಅಲ್ಲ, ಯಾವ ದೇಶಕಾಲಕ್ಕೂ ಕಟ್ಟುಬೀಳದ ಭಯ. ದೂರ ನಿಲ್ಲುವುದರಿಂದ ಬಂದ ರಕ್ಷಣೆ ಅಲ್ಲ ಇದು, ಕಲೆಯೇ ಕೊಡುವ ರಕ್ಷಣೆ. ಕಾಳಿದಾಸ ಆ ಓಡುವ ಜಿಂಕೆಯನ್ನು ಅಭಿರಾಮ ಎಂದ. ಭಯದಲ್ಲೇ ಚೆಲುವು ಕಂಡ. ಬರ್ಕ್‌ನ ಎರಡು ಪಟ್ಟಿಗಳಲ್ಲಿ ಇದಕ್ಕೆ ಜಾಗವಿಲ್ಲ. ನಮ್ಮಲ್ಲಿ ನೋಡುವವನು ಜಿಂಕೆಯ ಕಡೆ ಇದ್ದಾನೆ ಎನ್ನುವುದೂ ನೆನಪಿರಲಿ.

ದೊಡ್ಡ ನದಿಯ ಎತ್ತರದ ಜಲಪಾತ ಅಂದಾಗ ನಿಮ್ಮಲ್ಲಿ ಹಲವರಿಗೆ ಜೋಗ ನೆನಪಾಗಿರಬೇಕು. 253 ಮೀಟರ್ ಬೀಳುವ ಶರಾವತಿ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ, ಆ ಭವ್ಯ ಎಷ್ಟು ಬೀಳಬೇಕು ಎನ್ನುವುದು ಬಹುಮಟ್ಟಿಗೆ ಮೇಲಿನ ಗೇಟಿನ ಕೈಯಲ್ಲಿದೆ. ಗೇಟು ತೆರೆದರಂತೆ ಎಂಬ ಸುದ್ದಿ ಕೇಳಿ ಜನ ಕಾರು ಹತ್ತುತ್ತಾರೆ. ಬರ್ಕ್ ನೋಡಿದ್ದರೆ ಗೂಳಿ ಎತ್ತಾಯಿತು ಎನ್ನುತ್ತಿದ್ದ. ನನಗೆ ಅಷ್ಟು ಖಾತ್ರಿ ಇಲ್ಲ. ತುಂಬು ಮಳೆಗಾಲದಲ್ಲಿ ಆ ಸದ್ದು ಎದೆಗೆ ತಾಗಿದಾಗ ಗೇಟು ಯಾರಿಗೂ ನೆನಪಿರುವುದಿಲ್ಲ.

ಮತ್ತೆ ಶಾಮೊನಿ. 1909ರಿಂದ ಹಲ್ಲುಗಾಲಿಯ ಪುಟ್ಟ ರೈಲೊಂದು ಜನರನ್ನು ಹಿಮದ ಕಡಲಿನ ಪಕ್ಕಕ್ಕೆ ಒಯ್ಯುತ್ತದೆ. ಆಗ ರೈಲು ನಿಲ್ದಾಣದಿಂದ ಹಿಮ ತೀರಾ ಕೆಳಗೇನೂ ಇರಲಿಲ್ಲ. ಈಗ ಅಲ್ಲಿಂದ ಇಣುಕಿದರೆ ಕಾಣುವುದು ಬರಿಯ ಬಂಡೆಯ ದೊಡ್ಡ ಕೊರಕಲು, ತಳದಲ್ಲಿ ಕಲ್ಲುಮಣ್ಣು ಮುಚ್ಚಿದ ಬೂದು ಹಿಮ. 1850ರ ಹೊತ್ತಿಗಿಂತ ಹಿಮನದಿ ಎರಡು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಇಳಿಯುವ ದಾರಿಯಲ್ಲಿ ಬಂಡೆಗೆ ಫಲಕಗಳನ್ನು ಹೊಡೆದಿದ್ದಾರೆ: ಹಿಮ ಇಂಥ ವರ್ಷ ಈ ಮಟ್ಟದಲ್ಲಿತ್ತು, ಇಂಥ ವರ್ಷ ಈ ಮಟ್ಟದಲ್ಲಿತ್ತು. 1990 ಎಂಬ ಫಲಕದಿಂದ ಮೆಟ್ಟಿಲು ಇನ್ನೂ ಇಳಿಯುತ್ತಲೇ ಹೋಗಬೇಕು. ಪ್ರವಾಸಿಗರಿಗಾಗಿ ಹಿಮದಲ್ಲಿ ಕೊರೆದ ಗುಹೆ ಬೇಸಿಗೆಯಲ್ಲಿ ಕರಗದಿರಲಿ ಎಂದು ಅದರ ಬಾಯಿಯ ಸುತ್ತ ಬಿಳಿ ಬಟ್ಟೆ ಹೊದಿಸುತ್ತಾರೆ.

ಹಾಗಾದರೆ ಈ ಹಿಮನದಿ ಈಗ ಏನು? ಭವ್ಯ ಎನ್ನಲು ಹೋದರೆ ಬರ್ಕ್ ಅಡ್ಡ ಬರುತ್ತಾನೆ. ಬಟ್ಟೆ ಹೊದಿಸಿ ಕಾಪಾಡಬೇಕಾದದ್ದಕ್ಕೆ ಹೆದರುವುದು ಹೇಗೆ? ಸುಂದರದ ಬಗ್ಗೆ ಬರೆಯುವಾಗ ಅವನೇ ಹೇಳಿದ್ದ: ಗಟ್ಟಿಮುಟ್ಟುತನ ಸೌಂದರ್ಯಕ್ಕೆ ಕೇಡು, ನಾಜೂಕು ಮತ್ತು ಒಡೆದುಹೋದೀತೆಂಬ ಭಾವ ಅದಕ್ಕೆ ಬಹುಮಟ್ಟಿಗೆ ಬೇಕೇ ಬೇಕು ಎಂದು. ಆ ಲೆಕ್ಕದಲ್ಲಿ ಬಿಷಪ್ಪರು ಹೆದರಿ ಹರಸಿದ, ವಿಂಡಮ್ ಬೆರಗಾಗಿ ಕುಡಿದ ಈ ಹಿಮ ಗಡಿ ದಾಟಿ ಸುಂದರದ ಕಡೆಗೆ ಬಂದಿದೆ. ಅದರ ಮುಂದೆ ಈಗ ನಮಗೆ ಬರುವುದು ಅಕ್ಕರೆ, ಅಯ್ಯೋ ಎನ್ನುವ ಭಾವ. ಕೈ ನಮ್ಮದು ಮೇಲಾಗಿದೆ.

ಕಾಂಟ್ ಇದನ್ನು ಒಪ್ಪುತ್ತಿರಲಿಲ್ಲ. ಸುಂದರದ ಮುಂದೆ ನಮಗೆ ಯಾವ ಹಿತಾಸಕ್ತಿಯೂ ಇರಬಾರದು ಎನ್ನುವುದು ಅವನ ಮೊದಲ ನಿಯಮ. ಈ ಹಿಮ ಇರಲಿ, ಉಳಿಯಲಿ ಎಂದು ಬಯಸಿದ ಕೂಡಲೇ ಅದು ಶುದ್ಧ ಸೌಂದರ್ಯದ ತೀರ್ಪಾಗಿ ಉಳಿಯುವುದಿಲ್ಲ. ಹಾಗೆಂದು ಭವ್ಯದ ಕಡೆಗೂ ಅವನು ಇದನ್ನು ಸೇರಿಸಲಾರ. ಕರಗಿಸುತ್ತಿರುವ ಬಲ ನಮ್ಮದೇ ಉರುವಲಿನದು. ಅದರ ಗಾತ್ರ ಕಣ್ಣಿಗೆ ನಿಲುಕದ್ದು, ಅಲ್ಲಿಯವರೆಗೆ ಸರಿ. ಆದರೆ ಅದನ್ನು ನೋಡಲು ಒಂದು ಸುರಕ್ಷಿತ ಅಂಚು ಬೇಕಲ್ಲ, ಅದು ಕೋನಿಗ್ಸ್‌ಬರ್ಗಿನಲ್ಲೂ ಇಲ್ಲ, ಶಾಮೊನಿಯಲ್ಲೂ ಇಲ್ಲ. ಎರಡು ಖಾನೆಗಳ ಈ ಶಾಸ್ತ್ರ ಇಂಥದ್ದೊಂದಕ್ಕೆ ಮೂರನೆಯ ಖಾನೆ ತೆರೆಯಬೇಕೇ ಅಥವಾ ಇದ್ದ ಎರಡನ್ನೇ ಹಿಗ್ಗಿಸಬೇಕೇ ಎಂದು ಚಿಂತಕರ ನಡುವೆ ಜಗಳ ನಡೆದಿದೆ. ನಾನು ಹಿಗ್ಗಿಸುವವರ ಪಕ್ಷದಲ್ಲಿದ್ದೇನೆ, ಅದೂ ಬರ್ಕ್‌ನ ಕಡೆಯಿಂದ. ಯಾಕೆ ಎನ್ನುವುದನ್ನು ಪ್ರಶ್ನೆಗಳಲ್ಲಿ ನೋಡೋಣ; ಹಿಂದಿನ ಸಾಲಿನಲ್ಲಿ ಆಗಲೇ ಇಬ್ಬರು ಕೈ ಎತ್ತಿದ್ದಾರೆ.